ಬೇಲೂರಿನ ನೆರಳಿನಲ್ಲಿ ಫ್ಲ್ಯಾಷ್ ಕಲಿತದ್ದು

ಹಾಸನದಿಂದ ಸುಮಾರು 40 ಕಿಲೋಮೀಟರ್ ದೂರದ ಬೇಲೂರನ್ನು ನಾವು ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಹೊರಗಿನ ಬಿಸಿಲಿನಿಂದ ಚೆನ್ನಕೇಶವ ಗುಡಿಯ ಒಳಮಂಟಪವಾದ ನವರಂಗಕ್ಕೆ ಕಾಲಿಟ್ಟರೆ ಕಣ್ಣು ಹೊಂದಿಕೊಳ್ಳಲು ಕೆಲವು ನಿಮಿಷ ಬೇಕು. 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾದ ಈ ಗುಡಿಯ ಬಳಪದ ಕಲ್ಲಿನ ಕಂಬಗಳು ಆ ಮಬ್ಬಿನಲ್ಲೂ ನುಣುಪಾಗಿ ಹೊಳೆಯುತ್ತವೆ.

ಕ್ಯಾಮೆರಾ ಆಟೊ ಮೋಡ್‌ನಲ್ಲಿದ್ದುದರಿಂದ ಫ್ಲ್ಯಾಷ್ ತಾನಾಗಿಯೇ ಮೇಲೆದ್ದು ಮಿಂಚಿತು. ಪರದೆಯಲ್ಲಿ ಕಂಡದ್ದು ಕಂಬದ ನಡುವೆ ಒಂದು ಬಿಳಿಯ ಚುಕ್ಕೆ, ಅದರ ಹಿಂದೆ ಬರಿಯ ಕಪ್ಪು. ದೂರ ಎರಡರಷ್ಟಾದರೆ ಫ್ಲ್ಯಾಷ್‌ನ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹೀಗಾಗಿ ಹತ್ತಿರದ ಕಂಬ ಬೆಳಗಿ, ಹಿಂದಿನ ಸಾಲು ಮುಳುಗಿತ್ತು. ಅದಕ್ಕಿಂತ ನನ್ನನ್ನು ಕಾಡಿದ್ದು ಕೆತ್ತನೆ ಚಪ್ಪಟೆಯಾದದ್ದು. ಬೆಳಕು ಲೆನ್ಸ್‌ನ ದಿಕ್ಕಿನಿಂದಲೇ ಬಂದಾಗ ನೆರಳೆಲ್ಲ ಕೆತ್ತನೆಯ ಹಿಂದೆ ಅಡಗುತ್ತದೆ, ಉಳಿಯ ಆಳ ಕಾಣುವುದೇ ಇಲ್ಲ.

"ಫ್ಲ್ಯಾಷ್ ಆಫ್ ಮಾಡಿ ಸಾರ್, ನಾನು ಪಕ್ಕದಿಂದ ಲೈಟ್ ಹಿಡೀತೀನಿ" ಎಂದರು ನಮ್ಮ ಗೈಡ್. ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮವೆಂದು ಹೇಳುವ ಐಎಸ್‌ಒ ಅನ್ನು 1600ಕ್ಕೆ ಏರಿಸಿ, ಮೊಣಕೈಗಳನ್ನು ಎದೆಗೆ ಒತ್ತಿಕೊಂಡು, ಉಸಿರು ಹಿಡಿದು ಕ್ಲಿಕ್ಕಿಸಿದೆ. ಒಳಗಿನ ನಾಲ್ಕು ಮದನಿಕೆಗಳಲ್ಲಿ (ಸುಂದರಿಯರ ಶಿಲ್ಪಗಳು) ಒಬ್ಬಳ ಕೊರಳಿನ ಹಾರ ಎಳೆ ಎಳೆಯಾಗಿ ಎದ್ದು ಬಂತು.

ಹೊರಗಡೆ ಇದಕ್ಕೆ ತದ್ವಿರುದ್ಧ. ಸೂರಿನ ನೆರಳಲ್ಲಿ ನಿಂತ ಮಗಳ ಹಿಂದೆ ಆಕಾಶ ಬೆಳಗುತ್ತಿದ್ದು, ಆಟೊ ಫ್ಲ್ಯಾಷ್ ಬೇಕಿಲ್ಲವೆಂದುಕೊಂಡು ಸುಮ್ಮನಾದಾಗ ಮುಖ ಕಪ್ಪಾಯಿತು. ಫ್ಲ್ಯಾಷ್ ಕಡ್ಡಾಯವಾಗಿ ಬೀಳುವ ಮೋಡ್‌ಗೆ ತಂದು, ಅದರ ಬಲವನ್ನು ಒಂದು ಸ್ಟಾಪ್, ಅಂದರೆ ಅರ್ಧಕ್ಕೆ, ತಗ್ಗಿಸಿ, ಒಂದೂವರೆ ಮೀಟರಿನಿಂದ ತೆಗೆದಾಗ ಅವಳ ಕಣ್ಣಿಗೆ ಹೊಳಪು ಬಂತು. ಅದೇ ಉಪಾಯ ಮೇಲಿನ ಮದನಿಕೆಗಳಿಗೆ ಫಲಿಸಲಿಲ್ಲ. ಗೈಡ್ ನಂಬರ್ (ಫ್ಲ್ಯಾಷ್‌ನ ಬಲದ ಅಳತೆ) 12 ಇರುವ ಪುಟ್ಟ ಫ್ಲ್ಯಾಷ್, ಲೆನ್ಸ್‌ನ ಕಿಂಡಿ ಎಫ್/8ರಲ್ಲಿದ್ದಾಗ, ಐಎಸ್‌ಒ 100ಕ್ಕೆ, ಒಂದೂವರೆ ಮೀಟರಿನಾಚೆ ಮುಟ್ಟುವುದಿಲ್ಲ. ಐಎಸ್‌ಒ ಏರಿಸಿದರೆ ಆಕಾಶವೂ ಅಷ್ಟೇ ಬೆಳ್ಳಗಾಗುತ್ತದೆ.

ಗುಡಿ ಪೂರ್ವಾಭಿಮುಖವಾದ್ದರಿಂದ ಸಂಜೆಯ ಸೂರ್ಯ ಅದರ ಹಿಂದೆ ಇಳಿಯುತ್ತಾನೆ. ಆಕಾಶ ಇನ್ನೂ ನೀಲಿಯಾಗಿದ್ದಾಗ ಕ್ಯಾಮೆರಾವನ್ನು ಕಟ್ಟೆಯ ಮೇಲಿಟ್ಟು ಸ್ಲೋ ಸಿಂಕ್ ಹಚ್ಚಿದೆ. ಈ ಮೋಡ್‌ನಲ್ಲಿ ಫ್ಲ್ಯಾಷ್ ಮನೆಯವರ ಮುಖ ಬೆಳಗಿಸಿದ ಮೇಲೂ ಶಟರ್ ತೆರೆದೇ ಇದ್ದು, ಹಿಂದಿನ ಗುಡಿಯ ರೂಪವನ್ನು ಕೂಡಿಸಿಕೊಳ್ಳುತ್ತದೆ. ಮಿಂಚಿದೊಡನೆ ಮುಗಿಯಿತೆಂದು ಮಗಳು ಓಡಿದ್ದರಿಂದ ಮೊದಲ ಚಿತ್ರದಲ್ಲಿ ಅವಳ ಸುತ್ತ ಹೊಗೆಯಂಥ ನೆರಳು ಉಳಿಯಿತು. "ಮೂರು ಎಣಿಸುವ ತನಕ ಅಲುಗಬೇಡ ಪುಟ್ಟಿ" ಎಂದ ಮೇಲೆ ಎರಡನೆಯದು ಸರಿಯಾಯಿತು. ಫ್ಲ್ಯಾಷ್‌ನಿಂದ ಕಣ್ಣು ಕೆಂಪಾಗಿ ಕಾಣುವುದನ್ನು ತಗ್ಗಿಸುವ ರೆಡ್ ಐ ಮೋಡ್ ಪ್ರಯತ್ನಿಸಿ ಬಿಟ್ಟೆ. ಕಣ್ಣಪಾಪೆ ಕುಗ್ಗಲೆಂದು ಅದು ಮೊದಲೇ ದೀಪ ಬೀರಿ ತಡಮಾಡುವುದರಿಂದ ಮಕ್ಕಳ ನಗು ಅಷ್ಟರಲ್ಲಿ ಮಾಯವಾಗಿರುತ್ತದೆ.

ಮದನಿಕೆಗಳ ಆಸೆ ಬಿಡದೆ ರಾತ್ರಿ ಅಲ್ಲೇ ಉಳಿದೆವು. ಮರುದಿನ ಬೆಳಗ್ಗೆ ಓರೆಬಿಸಿಲು ಸೂರಿನ ಕೆಳಗೆ ನುಸುಳಿ, ಪೂರ್ವದ ಬಾಗಿಲ ಬಳಿ ಕನ್ನಡಿ ಹಿಡಿದವಳನ್ನು ಮುಟ್ಟಿತು. ಫ್ಲ್ಯಾಷ್ ಮಡಚಿಟ್ಟು ಕಾದು ನಿಂತೆ. ಅವಳ ಬಳೆಗಳ ನೆರಳು ಮುಂಗೈ ಮೇಲೆ ಒಂದೊಂದಾಗಿ ಬಿತ್ತು.