ಲೈಬ್ರರಿ ಸರ್ ಮತ್ತು 633.73

ಕಳೆದ ಮಳೆಗಾಲದಲ್ಲಿ ನಮ್ಮ ಲೈಬ್ರರಿ ಸರ್ ತೀರಿಕೊಂಡರು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಲ್ಲರೂ ಕೈಮುಗಿದ ಚಿತ್ರ ಹಾಕುತ್ತಿದ್ದರು. ನಡುವೆ ಒಬ್ಬ ಬರೀ '633.73' ಅಂತ ಹಾಕಿದ. ನಮ್ಮ ಬ್ಯಾಚಿನವರಿಗೆ ಮಾತ್ರ ಅರ್ಥವಾಗುವ ನಂಬರ್ ಅದು. ಹೇಳುತ್ತೇನೆ.

ಎಂಬತ್ತರ ದಶಕದ ಮಡಿಕೇರಿ. ಕಾಲೇಜಿನಲ್ಲಿ ಏನು ಪಾಠ ಕೇಳಿದೆವು ಅಂದರೆ ಸತ್ಯವಾಗಿ ನೆನಪಿಲ್ಲ. ಲೈಬ್ರರಿ ಮಾತ್ರ ಮೂಲೆ ಮೂಲೆಯೂ ನೆನಪಿದೆ. ಬಾಗಿಲ ಹೊರಗೆ ಕೊಡೆ ಇಡಲು ಒಂದು ತಗಡಿನ ಡಬ್ಬ. ಒದ್ದೆ ಕೊಡೆ ಹಿಡಿದು ಬಂದರೆ ಸರ್ ಪ್ರಿನ್ಸಿಪಾಲರನ್ನೂ ಒಳಗೆ ಬಿಡುತ್ತಿರಲಿಲ್ಲ. ಜೂನ್ ಬಂತೆಂದರೆ ಪುಸ್ತಕಕ್ಕೆಲ್ಲ ಬೂಷ್ಟು. ಹಳೆಯ ಪುಸ್ತಕಗಳ ಬೀರುವಿನೊಳಗೆ ಅವರು ಒಂದು ಬಲ್ಬ್ ಇಳಿಬಿಟ್ಟಿದ್ದರು, ಹಗಲೂ ಉರಿಯುತ್ತಿತ್ತು. ನಡಿಕೇರಿಯಂಡ ಚಿಣ್ಣಪ್ಪನವರ 'ಪಟ್ಟೋಲೆ ಪಳಮೆ' ಇದ್ದದ್ದು ಅಲ್ಲಿ, ಕೊಡವರ ಜನಪದ ಹಾಡುಗಳ ಸಂಗ್ರಹ, 1924ರಲ್ಲಿ ಮೊದಲು ಅಚ್ಚಾದ ಪುಸ್ತಕ. ಮನೆಗೆ ಕೊಡುತ್ತಿರಲಿಲ್ಲ. ಅಲ್ಲೇ ಕೂತು ಬರೆದುಕೊಳ್ಳಬೇಕು. ಕರೆಂಟ್ ಹೋದ ದಿನ, ಮಳೆಗಾಲದಲ್ಲಿ ಇರುತ್ತಿದ್ದ ದಿನವೇ ಕಮ್ಮಿ ಬಿಡಿ, ಪುಸ್ತಕಗಳನ್ನು ಮೇಜಿನ ಮೇಲೆ ಅರ್ಧ ಬಿಚ್ಚಿ ನಿಲ್ಲಿಸಿ, ಒಣಬಟ್ಟೆಯಲ್ಲಿ ರಟ್ಟು ಒರೆಸುತ್ತಾ ಕೂತಿರುತ್ತಿದ್ದರು. ಹತ್ತಿರ ಹೋಗಿ ಮಾತಾಡಿಸಿದರೆ ನಮ್ಮ ಕೈಗೂ ಒಂದು ಬಟ್ಟೆ.

ಇನ್ನು ಆ ನಂಬರ್. ಎಕನಾಮಿಕ್ಸ್‌ಗೆ ಒಂದು ದಪ್ಪ ಪುಸ್ತಕ, ಇದ್ದದ್ದು ಒಂದೇ ಪ್ರತಿ. ಪರೀಕ್ಷೆ ಹತ್ತಿರ ಬಂದಾಗ ಇಡೀ ಕ್ಲಾಸು ಅದರ ಹಿಂದೆ. ನಾವು ಮೂವರು ಸಂಜೆ ಹೊರಡುವಾಗ ಅದನ್ನು 330ರ ಕಪಾಟಿನಿಂದ ತೆಗೆದು 633.73ರಲ್ಲಿ ತುರುಕಿದೆವು. ಪುಸ್ತಕಗಳಿಗೆ ವಿಷಯವಾರು ನಂಬರ್ ಕೊಟ್ಟು ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ 330 ಎಕನಾಮಿಕ್ಸ್, 633.73 ಕಾಫಿ ಬೆಳೆಯ ಜಾಗ. ಮನೆ ಹಿಂದೆಯೇ ತೋಟ ಇರುವ ಹುಡುಗರು ಕಾಫಿ ಪುಸ್ತಕ ಯಾಕೆ ಮುಟ್ತಾರೆ, ಅಲ್ವಾ? ಮರುದಿನ ಹೋದರೆ ಪುಸ್ತಕ ಅಲ್ಲೇ ಇತ್ತು. ಒಳಗೆ ಸರ್ ಅಕ್ಷರದಲ್ಲಿ ಒಂದು ಚೀಟಿ: 'ಹೂಮಳೆ ಬಂದಾಯ್ತು. ಈ ಗಿಡವನ್ನು ಕಿತ್ತು ಅದರ ಜಾಗದಲ್ಲೇ ನೆಡಿ.' ಹೂಮಳೆ ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ. ಯಾರು ಅಂತ ಕೇಳಲಿಲ್ಲ, ಬೈಯಲಿಲ್ಲ. ಆ ವಾರ ಧೂಳು ಒರೆಸುವ ಬಟ್ಟೆ ಮಾತ್ರ ನಮ್ಮ ಮೂವರಿಗೇ ಸಿಕ್ಕಿತು.

ಕಾಲೇಜು ಮ್ಯಾಗಜಿನ್‌ಗೆ ಕೊಡಗಿನ ಶಾಸನಗಳ ಬಗ್ಗೆ ಬರೆಯುತ್ತೇನೆ ಅಂತ ಹೋದಾಗ ಅವರು ಪುಸ್ತಕ ಕೊಡಲಿಲ್ಲ, ಯಾವ ಪುಸ್ತಕ ಎಲ್ಲಿದೆ ಅಂತ ಬರೆದಿಟ್ಟ ಕಾರ್ಡುಗಳ ಡ್ರಾಯರ್ ಎಳೆದು ಮುಂದಿಟ್ಟರು. ಪ್ರತಿ ಕಾರ್ಡಿನ ಕೆಳಗೂ ಒಂದು ತೂತು, ಅದರಲ್ಲಿ ಪೋಣಿಸಿದ ಕಂಬಿ. 'ಕೊಡಗು' ಅಂತ ಹುಡುಕಿದರೆ ಸಿಕ್ಕಿದ್ದು ನಾಲ್ಕೈದು. ಕೊನೆಯ ಕಾರ್ಡಿನಲ್ಲಿ 'ಕೂರ್ಗ್ ಸಹ ನೋಡಿ' ಅಂತಿತ್ತು, ಕೊಡಗಿನ ಇಂಗ್ಲಿಷ್ ಹೆಸರು. ಅಲ್ಲಿ ನೋಡಿದರೆ ರಾಶಿ ರಾಶಿ! ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಮೊದಲ ಸಂಪುಟವೇ ನಮ್ಮ ಕೊಡಗಿನ ಶಾಸನಗಳದ್ದು ಅಂತ ಗೊತ್ತಾಗಿದ್ದು ಅವತ್ತು. "1886ರದ್ದು ನೋಡಿ ಶುರು ಹಚ್ಚಬೇಡಪ್ಪ, 1914ರಲ್ಲಿ ಪರಿಷ್ಕರಿಸಿ ಮತ್ತೆ ತಂದಿದ್ದಾರೆ, ಅದನ್ನು ನೋಡು" ಅಂದರು. ಅದು ನಮ್ಮಲ್ಲಿರಲಿಲ್ಲ. ಒಂದು ಪತ್ರ ಬರೆದುಕೊಟ್ಟು ಮೈಸೂರಿನ ಬಸ್ ಹತ್ತಿಸಿದರು. ಲೇಖನ ಅಚ್ಚಾಯಿತು, ಪ್ರಿನ್ಸಿಪಾಲರು ಸಭೆಯಲ್ಲಿ ಎದ್ದು ನಿಂತು ಹೊಗಳಿದರು. ಮುಂದೆ ನಾನು ಸ್ಥಳೀಯ ಇತಿಹಾಸದ ಬಗ್ಗೆ ಬರೆದದ್ದನ್ನು ನಾಲ್ಕು ಜನ ಓದಿದ್ದಾರೆ ಅಂದರೆ, ಅದರ ಬುಡ ಆ ಡ್ರಾಯರಿನಲ್ಲಿದೆ.

ಈಗ ನನ್ನ ಅಕ್ಕನ ಮಗಳು ಎಂ.ಎ. ಓದುತ್ತಿದ್ದಾಳೆ. ರೈಸ್ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಪಿಎಚ್‌.ಡಿ. ಪ್ರಬಂಧ ಬೇಕಾದರೆ ಶೋಧಗಂಗಾ ಅಂತ ವೆಬ್‌ಸೈಟ್ ಇದೆ, ಅದಕ್ಕೆ ಪಾಸ್‌ವರ್ಡೂ ಬೇಡ. ಕಾಲೇಜು ಇನ್‌ಫ್ಲಿಬ್‌ನೆಟ್‌ನ ಎನ್-ಲಿಸ್ಟ್‌ಗೆ (ಕಾಲೇಜುಗಳಿಗೆ ಇ-ಜರ್ನಲ್ ಒದಗಿಸುವ ಯೋಜನೆ) ಸೇರಿದ್ದರೆ ಜರ್ನಲ್‌ಗಳನ್ನು ಮನೆಯಲ್ಲೇ ಕೂತು ಓದಬಹುದು. ನಾನು ಒಂದು ಪುಸ್ತಕಕ್ಕಾಗಿ ಮೈಸೂರಿಗೆ ಹೋದ ಕಥೆ ಕೇಳಿ ಅವಳು ನಗುತ್ತಾಳೆ. ನಗಲಿ. ಆದರೆ ಎನ್-ಲಿಸ್ಟ್ ಐಡಿ ಇಸ್ಕೊಂಡಿದ್ದೀಯಾ ಅಂದರೆ "ಅದೇನದು ಮಾವಾ?" ಅಂದಳು! ಪ್ರಾಜೆಕ್ಟ್‌ಗೆ 'ಕೊಡಗು' ಅಂತ ಹುಡುಕಿ, ಮೊದಲು ಬಂದದ್ದನ್ನೇ ಅಂಟಿಸಿದ್ದಳು. ಕೂರ್ಗ್ ಅಂತಲೂ, ಮಡಿಕೇರಿಯ ಹಳೆಯ ಇಂಗ್ಲಿಷ್ ಹೆಸರು ಮರ್ಕೆರಾ ಅಂತಲೂ ಕೊಟ್ಟು ನೋಡು ಅಂದೆ. ರಾತ್ರಿ ಊಟಕ್ಕೆ ಕರೆದರೂ ಫೋನ್ ಬಿಟ್ಟು ಏಳಲಿಲ್ಲ. ಸಿಕ್ಕಿದ್ದನ್ನೆಲ್ಲ ಸೌದೆ ಹಾಗೆ ಮೇ ತಿಂಗಳಲ್ಲೇ ಇಳಿಸಿಟ್ಟುಕೋ, ಜುಲೈಯಲ್ಲಿ ಕರೆಂಟ್ ಹೋದರೆ ಹಿಂದೆಯೇ ನೆಟ್‌ವರ್ಕೂ ಹೋಗುತ್ತೆ ಅಂತಲೂ ಹೇಳಿದೆ. ಅವಳನ್ನು ಬೈದು ಏನು ಪ್ರಯೋಜನ? ಕಂಪ್ಯೂಟರ್ ತರಿಸಲು ಎಲ್ಲ ಕಡೆ ದುಡ್ಡಿದೆ. ಹುಡುಗರ ಪಕ್ಕ ಒಂದು ಗಳಿಗೆ ಕೂತು ತೋರಿಸಿಕೊಡುವವರು ಎಲ್ಲಿದ್ದಾರೆ?

ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಸರ್ ಹೆಸರಲ್ಲಿ ಚಿನ್ನದ ಪದಕ ಇಡೋಣ ಅನ್ನುತ್ತಿದ್ದಾರೆ. ಇಡಲಿ, ನನ್ನ ಪಾಲಿನ ಹಣ ಕೊಡುತ್ತೇನೆ. ಅದರ ಜೊತೆಗೆ, ಪ್ರತಿ ವರ್ಷ ಹೊಸದಾಗಿ ಸೇರಿದ ಮಕ್ಕಳಿಗೆ ಎರಡು ದಿನ ಲೈಬ್ರರಿಯಲ್ಲಿ ಕೂರಿಸಿ, ಕಪಾಟಿನಲ್ಲೂ ಕಂಪ್ಯೂಟರಿನಲ್ಲೂ ಹುಡುಕುವುದನ್ನು ಹೇಳಿಕೊಡಿ ಅಂತ ಪ್ರಿನ್ಸಿಪಾಲರಿಗೆ ಬರೆದಿದ್ದೇನೆ. ಕರೆದರೆ ನಾನೇ ಬಂದು ಹೇಳಿಕೊಡುತ್ತೇನೆ. ಮಳೆಗಾಲ ಒಂದು ಬಿಟ್ಟು.