1978ರ ಮೂವತ್ತೈದು ಮಂದಿ

1978ರ ಜನವರಿಯಲ್ಲಿ ನಾಸಾ ಪ್ರಕಟಿಸಿದ 35 ಗಗನಯಾತ್ರಿಗಳ ತಂಡದಲ್ಲಿ, ಆ ಸಂಸ್ಥೆಯ ಇತಿಹಾಸದಲ್ಲೇ ಮೊದಲ ಬಾರಿಗೆ, ಆರು ಮಹಿಳೆಯರಿದ್ದರು. ಬಾಹ್ಯಾಕಾಶ ಷಟಲ್‌ಗೆ ಪೈಲಟ್‌ಗಳಷ್ಟೇ ಸಾಲದೆ, ಪ್ರಯೋಗಗಳನ್ನೂ ಉಪಗ್ರಹಗಳನ್ನೂ ನೋಡಿಕೊಳ್ಳುವ ‘ಮಿಷನ್ ಸ್ಪೆಷಲಿಸ್ಟ್’ಗಳೂ ಬೇಕಾಗಿದ್ದರಿಂದ ವೈದ್ಯರು, ಎಂಜಿನಿಯರುಗಳು, ವಿಜ್ಞಾನಿಗಳು ದೊಡ್ಡ ಸಂಖ್ಯೆಯಲ್ಲಿ ಆಯ್ಕೆಯಾದರು. 1983ರಲ್ಲಿ ಈ ತಂಡದ ಸ್ಯಾಲಿ ರೈಡ್ ಬಾಹ್ಯಾಕಾಶಕ್ಕೇರಿದ ಮೊದಲ ಅಮೆರಿಕನ್ ಮಹಿಳೆಯಾದರು. 1986ರ ಚಾಲೆಂಜರ್ ಷಟಲ್ ದುರಂತದಲ್ಲಿ ಮಡಿದ ಏಳು ಜನರಲ್ಲಿ ಸ್ಕೋಬಿ, ರೆಸ್ನಿಕ್, ಮೆಕ್‌ನೇರ್, ಒನಿಜುಕಾ ಈ ನಾಲ್ವರೂ ಇದೇ ತಂಡದವರು.

ರೈಡ್ ಅವರ ಹೆಸರು ಎಲ್ಲರಿಗೂ ಗೊತ್ತು. ಆದರೆ ನನ್ನ ಬೆರಗು ಹೆಚ್ಚಾಗಿ ಅದೇ ತಂಡದ ಶಾನನ್ ಲ್ಯೂಸಿಡ್ ಅವರ ಬಗ್ಗೆ. ಆಯ್ಕೆಯಾದಾಗಲೇ ಮೂರು ಮಕ್ಕಳ ತಾಯಿಯಾಗಿದ್ದ ಈ ಜೀವರಸಾಯನ ವಿಜ್ಞಾನಿ, 1996ರಲ್ಲಿ ರಷ್ಯಾದ ಮಿರ್ ಬಾಹ್ಯಾಕಾಶ ನಿಲ್ದಾಣಕ್ಕೆ ತೆರಳಿ, ಒಟ್ಟು 188 ದಿನಗಳ ಯಾನ ಮುಗಿಸಿ ಮರಳಿದರು. ಆ ಬಳಿಕವೂ ಹ್ಯೂಸ್ಟನ್‌ನ ನಿಯಂತ್ರಣ ಕೊಠಡಿಯಿಂದ ಯಾನಿಗಳೊಡನೆ ಮಾತನಾಡುವ ಹೊಣೆ ಹೊತ್ತಿದ್ದ ಅವರು ನಿವೃತ್ತರಾದದ್ದು 2012ರಲ್ಲಿ.