ಪರದೆಯೊಳಗೆ ಸೇರಿಕೊಂಡ ಧೂಳಿನ ಕಣ

ಕಾರವಾರದಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಲ್ಯಾಪ್‌ಟಾಪ್ ಪರದೆಯ ಕೆಳಗಿನ ಎಡಮೂಲೆಯಲ್ಲಿ ಎಳ್ಳಿನಷ್ಟು ಕಪ್ಪು ಚುಕ್ಕೆಯೊಂದು ಕಾಣಿಸಿಕೊಂಡಿತು. ಮೃದುವಾದ ಒಣ ಬಟ್ಟೆಯಿಂದ ಎಷ್ಟು ಒರೆಸಿದರೂ ಅದು ಹೋಗಲಿಲ್ಲ. ಭೂತಗನ್ನಡಿ ಹಿಡಿದು ನೋಡಿದಾಗ ಅದರ ಅಂಚು ಮಸುಕಾಗಿತ್ತು. ಕೆಟ್ಟ ಪಿಕ್ಸೆಲ್ (ಪರದೆಯ ಚಿತ್ರವನ್ನು ಮೂಡಿಸುವ ಅತಿ ಸಣ್ಣ ಚುಕ್ಕೆ) ಆಗಿದ್ದರೆ ಅಂಚು ಸ್ಪಷ್ಟವಾಗಿ ಕಾಣುತ್ತಿತ್ತು.

ಎಲ್‌ಸಿಡಿ ಪರದೆಯ ಗಾಜಿನ ಹಿಂದೆ ಬೆಳಕನ್ನು ಸಮವಾಗಿ ಹರಡುವ ತೆಳುವಾದ ಹಾಳೆಗಳೂ, ಅವುಗಳ ಹಿಂದೆ ಅಂಚಿನ ಎಲ್‌ಇಡಿ ದೀಪಗಳ ಬೆಳಕನ್ನು ಇಡೀ ಪರದೆಗೆ ಒಯ್ಯುವ ಫಲಕವೂ ಇರುವುದರಿಂದ, ಈ ಪದರಗಳ ನಡುವೆ ಸೇರಿದ ಕಣವು ಬೆಳಕಿಗೆ ಅಡ್ಡವಾಗಿ ನಿಂತು ಬಿಳಿಯ ಹಿನ್ನೆಲೆಯಲ್ಲಿ ನೆರಳಿನಂತೆ ಕಾಣುತ್ತದೆ. ಬಿಚ್ಚಿ ಒರೆಸೋಣವೆಂದು ನನಗೂ ಅನ್ನಿಸಿತ್ತು. ಆದರೆ ಆ ಹಾಳೆಗಳಿಗೆ ಬೆರಳು ತಾಗಿದರೂ ಗುರುತು ಉಳಿಯುತ್ತದೆ, ತೆರೆದಿಟ್ಟ ಸ್ವಲ್ಪ ಹೊತ್ತಿನಲ್ಲೇ ಹೊಸ ಧೂಳು ಕೂರುತ್ತದೆ. ಕಡಲ ಕಡೆಯ ಕಿಟಕಿ ಸದಾ ತೆರೆದಿರುವ ನಮ್ಮ ಮನೆಯಲ್ಲಂತೂ ಅದು ಆಗದ ಕೆಲಸ.

ಒತ್ತಿ ಸರಿಸಲು ಹೋಗಲೇಬಾರದು. ಗಾಜು ಒಡೆಯಬಹುದು, ಒಳಗಿರುವುದು ಬೆಳಕಿಗೆ ಬಂದ ಸಣ್ಣ ಹುಳುವಾಗಿದ್ದರೆ ಅಲ್ಲೇ ಸತ್ತು ಶಾಶ್ವತ ಕಲೆಯಾಗುತ್ತದೆ. ಜೀವಂತ ಹುಳುವಾದರೆ ಪರದೆಯನ್ನು ಆರಿಸಿ, ಪಕ್ಕದಲ್ಲಿ ದೀಪವೊಂದನ್ನು ಹಚ್ಚಿಟ್ಟು ಕಾಯುವುದೇ ಮೇಲು.

ಕೋಡಿಬಾಗದ ರಿಪೇರಿ ಅಂಗಡಿಯವರು ಇಡೀ ಪ್ಯಾನೆಲ್ ಬದಲಿಸುವುದೊಂದೇ ಖಚಿತವಾದ ದಾರಿ ಎಂದರು. ಚುಕ್ಕೆ ಮೂಲೆಯಲ್ಲಿದ್ದು ಓದಿಗೆ ಅಡ್ಡಿಯಾಗದ ಕಾರಣ ಆ ಖರ್ಚನ್ನು ಸದ್ಯಕ್ಕೆ ಮುಂದೂಡಿದ್ದೇನೆ.